ಹತ್ತಿಸಿದವರು ಯಾರು?

ಸಾರುವೆಯಿಂದ ಬಿದ್ದು ಕೂಲಿಯವನೊಬ್ಬ ಸತ್ತರೆ ಕಂಟ್ರಾಕ್ಟರ್ ಬಾಯಲ್ಲಿ ಒಂದೇ ಮಾತು: 'ಅವನಿಗೆ ಕೆಲಸ ಬರ್ತಿರಲಿಲ್ಲ.' ನಾವು ಕೇಳುತ್ತೇವೆ, ಬರದವನನ್ನು ಹತ್ತಿಸಿದವರು ಯಾರು? ಕಮ್ಮಿ ಕೂಲಿಗೆ ಸಿಗ್ತಾನೆ ಅಂತ ಬೆಳಿಗ್ಗೆ ಸರ್ಕಲ್ಲಿನಿಂದ ಕರಕೊಂಡು ಬಂದು, ಏನೂ ಕಲಿಸದೆ ಮೂರನೇ ಅಂತಸ್ತಿಗೆ ಏರಿಸಿದವರು ಯಾರು?

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 9 ಜನ ಸತ್ತರು. ಅನುಮತಿ ಮೀರಿ ಅಂತಸ್ತು ಏರಿಸಿದ್ದು ಬಾಂಡ್ಲಿ ಹೊತ್ತವರಲ್ಲ. ಕಟ್ಟಡ ಕಾರ್ಮಿಕರ ಸುರಕ್ಷತೆಗೆಂದು 1996ರಲ್ಲೇ ಕಾನೂನು ಮಾಡಿದರು. ಕಾನೂನು ಸಾರುವೆ ಹತ್ತಲೇ ಇಲ್ಲ.

ಕಸುಬು ಹುಟ್ಟಿನಿಂದ ಬರುವುದಿಲ್ಲ, ಕಲಿಸಿದರೆ ಬರುತ್ತದೆ. ರಜೆಯಲ್ಲಿ ಗಾರೆ ಕೆಲಸಕ್ಕೆ ಹೋಗುವ ಹಾಸ್ಟೆಲ್ ಗೆಳೆಯರೇ, ಮೊದಲು ಕೇಳಿ: ಕಲಿಸೋರು ಯಾರು? ಬೆಲ್ಟು, ಹೆಲ್ಮೆಟ್ಟು ಎಲ್ಲಿ? ಒಬ್ಬನೇ ಕೇಳಿದರೆ ಓಡಿಸ್ತಾರೆ. ಎಲ್ಲರೂ ಕೂಡಿ ಕೇಳೋಣ.