ಕೀಲಿಮಣೆಯಿಂದ ನಾದದವರೆಗೆ

ಕೀಲಿಯೊಂದನ್ನು ಒತ್ತಿದೊಡನೆ ಗಣಕಯಂತ್ರವು ಸ್ವರವೊಂದನ್ನು ನುಡಿಯುವಂತೆ ಮಾಡುವುದು, ಕ್ರಮವಿಧಿ ಬರೆಯಲು ತೊಡಗಿದ ವಿದ್ಯಾರ್ಥಿಗಳಿಗೆ ಬಹು ಪ್ರಿಯವಾದ ಸಾಹಸ. ಯಾರೋ ಧ್ವನಿಮುದ್ರಿಸಿಟ್ಟ ಕಡತವನ್ನು ತಂದು ‘ಈ ಕೀಲಿಗೆ ಈ ಸ್ವರ’ ಎಂದು ವಿಧಿಸಿದರೆ ಹತ್ತಿಪ್ಪತ್ತು ಸಾಲುಗಳಲ್ಲಿ ಕೆಲಸ ಮುಗಿಯುತ್ತದೆ. ಪೈಥಾನ್ ಭಾಷೆಯ ಪೈಗೇಮ್‌ನಂತಹ ಸಲಕರಣೆಗಳು ಇದನ್ನು ಇನ್ನೂ ಸುಲಭಗೊಳಿಸಿವೆ. ಆದರೆ ಅಲ್ಲಿಗೇ ನಿಂತವರು ಯಂತ್ರವನ್ನು ನುಡಿಸಿದರೇ ಹೊರತು ನಾದವನ್ನು ಅರಿತಂತಾಗಲಿಲ್ಲ. ಧ್ವನಿಯನ್ನು ವಿದ್ಯಾರ್ಥಿಗಳೇ ಅಂಕಿಗಳಿಂದ ಕಟ್ಟಿ ನುಡಿಸಬೇಕು. ನಮ್ಮ ಪ್ರಯೋಗಶಾಲೆಗಳಲ್ಲಿ ಈ ಕಾರ್ಯಕ್ಕೆ ಸೊನೊಮೀಟರಿನ ಪಕ್ಕದಲ್ಲಿಯೇ ಸ್ಥಾನ ದೊರೆಯಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕೀಲಿಯ ವಿಚಾರ. ಬೆರಳು ಒತ್ತಿದಾಗ ವಿದ್ಯುನ್ಮಂಡಲವೊಂದು ಮುಚ್ಚುತ್ತದೆ. ಆಗ ಅದರ ತುದಿಗಳು ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುವುದುಂಟು. ಕೀಲಿಮಣೆಯು ಆ ಪುಟಿತವನ್ನು ಲೆಕ್ಕಿಸದೆ ‘ಕೀಲಿ ಇಳಿಯಿತು’ ಎಂಬ ಒಂದೇ ಸುದ್ದಿಯನ್ನು ಕಳುಹಿಸುತ್ತದೆ. ಬೆರಳು ತೆಗೆದಾಗ ‘ಕೀಲಿ ಏರಿತು’ ಎನ್ನುತ್ತದೆ. ಮೊದಲನೆಯದು ಸ್ವರದ ಆರಂಭ, ಎರಡನೆಯದು ಅಂತ್ಯ. ಕೀಲಿಯನ್ನು ಒತ್ತಿಯೇ ಹಿಡಿದಾಗ, ಬರೆವಣಿಗೆಯ ಅನುಕೂಲಕ್ಕೆಂದು ಗಣಕಯಂತ್ರವು ಅದೇ ಅಕ್ಷರವನ್ನು ಮರಳಿ ಮರಳಿ ಸಾರುವ ರೂಢಿಯೂ ಉಂಟು. ಇದನ್ನು ಗಮನಿಸದೆ ಬರೆದ ಕ್ರಮವಿಧಿಯಲ್ಲಿ ಸ್ವರವು ತೊದಲತೊಡಗುತ್ತದೆ.

ಇನ್ನು ನಾದ. ಗಣಕಯಂತ್ರಕ್ಕೆ ಧ್ವನಿಯೆಂದರೆ ಅಂಕಿಗಳ ಸಾಲು. ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಂಕಿಗಳು. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಗ್ರಹಿಸಬಲ್ಲುದು. ಅವನ್ನು ಸರಿಯಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಅಂಕಿಗಳು ಬೇಕು. ಸೆಕೆಂಡಿಗೆ 440 ಕಂಪನಗಳ ಸ್ವರವಾದರೆ ಒಂದೊಂದು ಅಲೆಗೆ ಸುಮಾರು ನೂರು ಅಂಕಿಗಳು ಬೀಳುತ್ತವೆ. ಅವನ್ನು ಸೈನ್ ಸೂತ್ರದಿಂದ ಎಣಿಸಿ ಸ್ಪೀಕರಿಗೆ ಕಳುಹಿಸಿದರೆ ಶುದ್ಧ ಸ್ವರ ಕೇಳಿಸುತ್ತದೆ. ಅಲೆಯನ್ನು ನಡುವೆ ತಟ್ಟನೆ ಕತ್ತರಿಸಿದರೆ ‘ಟಕ್’ ಎಂಬ ಸದ್ದು; ಐದು–ಹತ್ತು ಮಿಲಿಸೆಕೆಂಡುಗಳಲ್ಲಿ ಮೆಲ್ಲನೆ ತಗ್ಗಿಸಿದರೆ ಆ ಸದ್ದು ಅಡಗುತ್ತದೆ.

ಇಷ್ಟು ಸಿದ್ಧವಾದ ಮೇಲೆ ಒಂದು ಸೊಗಸಾದ ಪ್ರಯೋಗ ಸಾಧ್ಯ. ಷಡ್ಜವನ್ನು 240 ಕಂಪನಗಳಿಗೆ ನಿಲ್ಲಿಸಿದರೆ, ಮೂರಕ್ಕೆ ಎರಡರ ಪ್ರಮಾಣದಂತೆ ಪಂಚಮವು 360. ಅಷ್ಟಕವನ್ನು ಹನ್ನೆರಡು ಸಮಪ್ರಮಾಣದ ಮೆಟ್ಟಿಲುಗಳಾಗಿ ಹಂಚುವ ಪಿಯಾನೋ ಕ್ರಮದಲ್ಲಿ ಅದೇ ಪಂಚಮವು ಸುಮಾರು 359.6. ಒಂದಾದ ಮೇಲೊಂದು ನುಡಿಸಿದರೆ ಭೇದ ತಿಳಿಯುವುದು ಕಷ್ಟ. ಎರಡು ಕೀಲಿಗಳಿಗೆ ಎರಡನ್ನೂ ಕೊಟ್ಟು ಒಟ್ಟಿಗೆ ಒತ್ತಿರಿ: ನಾದವು ಸುಮಾರು ಎರಡೂವರೆ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ. ಪಠ್ಯದಲ್ಲಿ ಬಾಯಿಪಾಠ ಮಾಡಿದ ವಿಸ್ಪಂದನವು ಇಲ್ಲಿ ಕಿವಿಗೇ ಸಿಕ್ಕುತ್ತದೆ.

ಕೀಲಿಗೂ ನಾದಕ್ಕೂ ನಡುವಿನ ವಿಳಂಬವೂ ಪಾಠವೇ. ಅಂಕಿಗಳು ಕಂತುಕಂತಾಗಿ ಸ್ಪೀಕರಿನತ್ತ ಸಾಗುತ್ತವೆ. ಒಂದು ಕಂತಿಗೆ 4,096 ಅಂಕಿಗಳಾದರೆ ಅದು 93 ಮಿಲಿಸೆಕೆಂಡುಗಳ ಧ್ವನಿ. ಅಷ್ಟು ತಡವೆಂದರೆ 32 ಮೀಟರು ದೂರದ ವಾದ್ಯವನ್ನು ಕೇಳಿದಂತೆ. 256ಕ್ಕೆ ಇಳಿಸಿದರೆ ಆ ದೂರ ಎರಡೇ ಮೀಟರು. ಆದರೆ ಕಂತು ತೀರ ಚಿಕ್ಕದಾದರೆ, ಮುಂದಿನದು ಹೊತ್ತಿಗೆ ಸರಿಯಾಗಿ ಒದಗದೆ ಧ್ವನಿ ಹರಿದು ಹೋಗಬಹುದು.

ಸಿದ್ಧ ಸಲಕರಣೆಗಳಿರುವಾಗ ಈ ಶ್ರಮವೇಕೆಂದು ಕೆಲವರು ಕೇಳುವರು. ಉದ್ಯೋಗದಲ್ಲಿ ಸಿದ್ಧವಸ್ತುವನ್ನು ಬಳಸುವುದೇ ಜಾಣತನ. ಆದರೆ ಕಲಿಕೆಯ ಉದ್ದೇಶವೇ ಬೇರೆ. ಮತ್ತೆ ಕೆಲವರು, ತಂತಿಯನ್ನು ಮಿಡಿಯುವ ಅನುಭವಕ್ಕೆ ಇದು ಸಮವಲ್ಲವೆನ್ನುವರು. ಆ ಮಾತು ನಿಜ. ಸೊನೊಮೀಟರನ್ನೂ ಶ್ರುತಿಕವೆಯನ್ನೂ ಕಪಾಟಿಗೆ ಸೇರಿಸಿರೆಂದು ನಾವು ಹೇಳುತ್ತಿಲ್ಲ. ಅವುಗಳ ಸ್ವರವನ್ನೇ ಈ ಅಂಕಿಗಳ ಸ್ವರದೊಡನೆ ಹೋಲಿಸಿ ನೋಡಿದರೆ ಎರಡೂ ಸಾರ್ಥಕ. ಗಣಕಯಂತ್ರವು ಈಗಾಗಲೇ ಇರುವ ಕಾಲೇಜಿಗೆ ಇದರಿಂದ ಹೊಸ ವೆಚ್ಚವೂ ಇಲ್ಲ. ಬೇಕಾದದ್ದು, ನಕಲು ಮಾಡಿದ ನೂರು ಸಾಲುಗಳಿಗಿಂತ ತಾನೇ ಅರಿತು ಬರೆದ ಹತ್ತು ಸಾಲುಗಳಿಗೆ ಹೆಚ್ಚು ಅಂಕ ಕೊಡುವ ಮನಸ್ಸು.