ತರಬೇತಿಯ ಫಲವನ್ನು ಅಳೆಯುವುದು ಹೇಗೆ?

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ಹಸಿದವನಿಗೆ ಅನ್ನವಿಡುವುದು ಪುಣ್ಯದ ಕೆಲಸ; ಅನ್ನವನ್ನು ದುಡಿದು ತಿನ್ನುವ ಕಸುಬನ್ನು ಕಲಿಸುವುದು ಅದಕ್ಕಿಂತಲೂ ಮಿಗಿಲಾದ ಪುಣ್ಯ. ಈ ಮಾತನ್ನು ಒಪ್ಪದವರು ಯಾರೂ ಇರಲಾರರು. ಆದ್ದರಿಂದಲೇ ಈಗ ಎಲ್ಲಿ ನೋಡಿದರೂ ತರಬೇತಿ ಶಿಬಿರಗಳು. ಗಾರೆ ಕೆಲಸಕ್ಕೆ ತರಬೇತಿ, ಹೊಲಿಗೆಗೆ ತರಬೇತಿ, ವಿದ್ಯುತ್ ಕೆಲಸಕ್ಕೆ ತರಬೇತಿ. ಶಿಬಿರದ ಉದ್ಘಾಟನೆಗೆ ಹಾರತುರಾಯಿಗಳುಂಟು, ಮುಕ್ತಾಯಕ್ಕೆ ಪ್ರಮಾಣಪತ್ರಗಳುಂಟು. ಆದರೆ ಕಲಿಸಿದ ವಿದ್ಯೆ ಫಲಿಸಿತೇ ಎಂದು ವರ್ಷ ಕಳೆದ ಮೇಲೆ ಬಂದು ಕೇಳುವವರು ಎಷ್ಟು ಮಂದಿ? ಬಿತ್ತನೆ ಮಾಡಿದವನು ಸುಗ್ಗಿಯಲ್ಲಿ ಕಣದ ಕಡೆಗೆ ತಿರುಗಿಯೂ ನೋಡದಿದ್ದರೆ ಅವನನ್ನು ನಾವು ರೈತನೆಂದು ಕರೆಯುತ್ತೇವೆಯೇ?

ಈ ಪ್ರಶ್ನೆ ಎಲ್ಲ ಊರಿಗೂ ಸೇರಿದ್ದು. ಆದರೆ ನಿರಾಶ್ರಿತರು ಬಂದು ನೆಲೆಸಿರುವ ಊರುಗಳಲ್ಲಿ ಇದು ಇನ್ನಷ್ಟು ತೀವ್ರವಾಗುತ್ತದೆ. ಅಲ್ಲಿ ಕೆಲಸ ಬೇಕಾದವರು ಎರಡು ಪಂಗಡ: ನೆಲೆ ಅರಸಿ ಬಂದವರು, ನೆಲೆ ಕೊಟ್ಟವರು. ಒಂದು ಕೈಗೆ ಕೊಟ್ಟು ಇನ್ನೊಂದು ಕೈಯನ್ನು ಮರೆತರೆ ಆ ಊರಿನ ನೆಮ್ಮದಿಯೇ ಕೆಡುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯ ವಿದ್ಯಾರ್ಥಿಗೆ ನಿರಾಶ್ರಿತರ ಚಿಂತೆ ಏಕೆ ಎಂದು ವಾಚಕರು ಕೇಳಬಹುದು. ಮಳವಳ್ಳಿಯಿಂದ ಕೊಳ್ಳೇಗಾಲದ ಬಸ್ಸು ಹತ್ತಿ, ಅಲ್ಲಿಂದ ಲೊಕ್ಕನಹಳ್ಳಿಯ ದಾರಿ ಹಿಡಿದರೆ ಒಡೆಯರಪಾಳ್ಯ ಸಿಗುತ್ತದೆ. 1970ರ ದಶಕದ ಆದಿಯಲ್ಲಿ ಅಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ದೊರೆಯಿತು. ಅದಕ್ಕೂ ಮೊದಲು, 1960ರ ಕೊನೆಯಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಮೊದಲ ತಂಡ ಬಂದಿತ್ತು. ಅಂದಿನ ಮೈಸೂರು ಸರಕಾರ ಅವರಿಗಾಗಿ ಸುಮಾರು 3,000 ಎಕರೆ ನೆಲವನ್ನು ಬಿಟ್ಟುಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರುಗಳಲ್ಲಿಯೂ ನೆಲೆಗಳಾದವು. ಹೀಗಿರುವಾಗ ಇದು ದೂರದ ದೇಶದ ವಿಷಯವಲ್ಲ. ನಮ್ಮ ನೆರೆಮನೆಯ ವಿಷಯ.

ಈ ಜನರ ಬದುಕು ದುಡಿಮೆಯಿಂದಲೇ ಮೊದಲಾಯಿತೆಂಬುದನ್ನು ನೆನೆಯಬೇಕು. 1959ರ ನಂತರ ಭಾರತಕ್ಕೆ ಬಂದ ಸಾವಿರಾರು ಟಿಬೆಟನ್ನರು ಹಿಮಾಲಯದ ತಪ್ಪಲಲ್ಲಿ ರಸ್ತೆ ಕಡಿಯುವ ಕೂಲಿಗಳಾದರು. ತಂಪು ನಾಡಿನವರು ಬೈಲಕುಪ್ಪೆಯ ಬಿಸಿಲಿನಲ್ಲಿ ಕಾಡು ಸವರಿ ಹೊಲ ಮಾಡಿದರು. ಜೋಳ ಬೆಳೆಯುವುದನ್ನು ಕಲಿತರು. ಸಹಕಾರ ಸಂಘ, ಟ್ರ್ಯಾಕ್ಟರುಗಳ ಕಾರ್ಯಾಗಾರ, ರತ್ನಗಂಬಳಿಯ ನೇಯ್ಗೆ ಇವನ್ನು ಕಟ್ಟಿಕೊಂಡರು. ಇದೆಲ್ಲ ಒಂದು ಬಗೆಯ ತರಬೇತಿಯೇ. ಅದರ ಫಲ ಕಣ್ಣಿಗೆ ಕಾಣುವಂತಿದೆ.

ಹಾಗಾದರೆ ನೆಲೆ ಕೊಟ್ಟ ನಮ್ಮವರ ಪಾಡೇನು? ಕಳೆದ ವರ್ಷ ಗೆಳೆಯನೊಬ್ಬನ ಊರಿಗೆ ಹೋದಾಗ ನಾನು ಒಡೆಯರಪಾಳ್ಯವನ್ನೂ ನೋಡಿಬಂದೆ. ಹತ್ತಿರದ ಹಳ್ಳಿಯ ವೃದ್ಧರೊಬ್ಬರು ಹೇಳಿದರು: “ಅವ್ರು ಬಂದಾಗ ನಾವೂ ಬಡವ್ರೇ ಕಣಪ್ಪ. ಅವ್ರ ಹೊಲದಲ್ಲಿ ಕೂಲಿ ಮಾಡಿ ಮಕ್ಳ ಸಾಕ್ದೋ. ಒಳ್ಳೆ ಜನ. ಆದ್ರೆ ಅವ್ರಿಗೆ ಕಲ್ಸೋಕೆ ಬಂದೋರು ನಮ್ ಕೇರಿ ಕಡೀಕೆ ತಿರುಗ್‌ಲಿಲ್ಲ.” ಈ ಮಾತಿನಲ್ಲಿ ದ್ವೇಷವಿರಲಿಲ್ಲ, ಒಂದು ಲೆಕ್ಕವಿತ್ತು. ಆ ಲೆಕ್ಕವನ್ನು ಯಾವ ವರದಿಯೂ ಬಿಡಬಾರದು ಎಂಬುದೇ ನನ್ನ ಈ ಲೇಖನದ ತಿರುಳು.

ಈ ಲೆಕ್ಕವನ್ನು ಕೊಂಚ ಅರಿತವರೂ ಇದ್ದರು ಎನ್ನುವುದು ಸಂತೋಷದ ಸಂಗತಿ. 1968ರಲ್ಲಿ ಟಿಬೆಟನ್ನರ ಪುನರ್ವಸತಿಗಾಗಿಯೇ ಹುಟ್ಟಿದ ಮೈರಾಡ ಎಂಬ ಸಂಸ್ಥೆ 1980ರ ದಶಕದಲ್ಲಿ ತನ್ನ ಗಮನವನ್ನು ಸುತ್ತಲಿನ ಬಡ ಹಳ್ಳಿಗಳ ಕಡೆಗೆ ತಿರುಗಿಸಿತು. ಅಲ್ಲಿ ಚಿಕ್ಕ ಚಿಕ್ಕ ಉಳಿತಾಯದ ಗುಂಪುಗಳು ಬೆಳೆದವು. ನಬಾರ್ಡ್ ಬ್ಯಾಂಕು ಅವುಗಳಿಗೆ ಕೈ ನೀಡಿತು. 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆ ಆರಂಭವಾಯಿತು. ಇಂದು ನಮ್ಮ ತಾಯಂದಿರು ವಾರಕ್ಕೊಮ್ಮೆ ಸೇರಿ ಹಣ ಕಟ್ಟುವ ಸಂಘಗಳ ಹಿಂದೆ ಈ ಕಥೆಯ ಒಂದು ಎಳೆಯಿದೆ. ಅತಿಥಿಗಾಗಿ ತೋಡಿದ ಬಾವಿಯ ನೀರು ಮನೆಯವರಿಗೂ ದಕ್ಕಿದಂತಾಯಿತು.

ಇನ್ನು ಕಾಮಗಾರಿಗಳ ವಿಷಯಕ್ಕೆ ಬರೋಣ. ರಸ್ತೆ, ಮೋರಿ, ಚೆಕ್ ಡ್ಯಾಮು, ಕೆರೆ ಹೂಳು, ಆನೆ ತಡೆಯುವ ಕಂದಕ, ಇವು ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯರ ಕೈಯನ್ನು ಬೇಡುವಂತೆ ಮಾಡಬಹುದಾದ ಕೆಲಸಗಳು. 2005ರ ಉದ್ಯೋಗ ಖಾತರಿ ಕಾಯಿದೆ ಈ ತತ್ತ್ವದ ಮೇಲೆಯೇ ನಿಂತಿತ್ತು. ಗ್ರಾಮೀಣ ಕುಟುಂಬವೊಂದಕ್ಕೆ ವರ್ಷಕ್ಕೆ 100 ದಿನದ ಕೆಲಸದ ಭರವಸೆಯನ್ನು ಅದು ಕೊಟ್ಟಿತು, ಗುತ್ತಿಗೆದಾರರನ್ನು ದೂರವಿಟ್ಟಿತು, ಖರ್ಚಿನಲ್ಲಿ ಕೂಲಿಯ ಪಾಲು ನೂರಕ್ಕೆ 60ಕ್ಕಿಂತ ಕಡಿಮೆಯಾಗಬಾರದೆಂದು ವಿಧಿಸಿತು. 2014ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಟಿಬೆಟನ್ನರ ಪುನರ್ವಸತಿ ನೀತಿಯು ಈ ಉದ್ಯೋಗ ಯೋಜನೆಯೂ ಸೇರಿದಂತೆ ಹಲವು ಯೋಜನೆಗಳ ಪ್ರಯೋಜನವನ್ನು ಅವರಿಗೂ ಕೊಡಬೇಕೆಂದು ರಾಜ್ಯಗಳಿಗೆ ಹೇಳಿತು. ಕಾಗದದ ಮೇಲೆ ಆತಿಥೇಯನೂ ಅತಿಥಿಯೂ ಒಂದೇ ಗುದ್ದಲಿಗೆ ಕೈ ಹಾಕಬಹುದೆಂದಾಯಿತು.

ಗುದ್ದಲಿ ಹಿಡಿಯಲು ತರಬೇತಿ ಏಕೆ ಎನ್ನುವವರುಂಟು. ಮಣ್ಣು ಹೊರುವುದಕ್ಕೆ ಬೇಡ, ನಿಜ. ಆದರೆ ಮೋರಿಯೊಂದು ಮೊದಲ ಮಳೆಗೆ ಕೊಚ್ಚಿಹೋಗದಿರಬೇಕಾದರೆ ತಳಪಾಯದ ಆಳ, ನೀರಿನ ಇಳಿಜಾರು, ಕಾಂಕ್ರೀಟಿಗೆ ಎಷ್ಟು ದಿನ ನೀರುಣಿಸಬೇಕೆಂಬ ತಿಳಿವಳಿಕೆ ಬೇಕು. ಕೂಲಿಯಾಳು ಮೇಸ್ತ್ರಿಯಾಗುವುದು ಈ ತಿಳಿವಳಿಕೆಯಿಂದ. ದಿನಗೂಲಿ ಇವತ್ತಿನ ಊಟ. ಕಸುಬು ನಾಳೆಯ ಊಟ. ಕಾಮಗಾರಿ ಮುಗಿದ ಮೇಲೂ ಉಳಿಯುವುದು ಇದೊಂದೇ.

ಆದರೆ ತರಬೇತಿಯೆಂಬ ಹೆಸರಿನಲ್ಲಿ ನಡೆಯುವುದೆಲ್ಲ ತರಬೇತಿಯಲ್ಲ. ನನ್ನ ಅಣ್ಣ ಒಂದು ಸಂಸ್ಥೆಯ ಗಾರೆ ಕೆಲಸದ ಶಿಬಿರಕ್ಕೆ ಹೋಗಿದ್ದ. ರಸಮಟ್ಟವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು, ಕೈಗೆ ಕೊಡಲಿಲ್ಲ. ಕರಣೆ ಹಿಡಿದು ಫೋಟೋ ತೆಗೆಸಿಕೊಂಡದ್ದು ಕೊನೆಯ ದಿನ. ಪ್ರಮಾಣಪತ್ರಕ್ಕೆ ನಮ್ಮ ತಂದೆ ಚೌಕಟ್ಟು ಹಾಕಿಸಿದರು. ಅಣ್ಣ ಈಗ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಗೆ ಬೆಂಕಿ ಹಾಕುತ್ತಾನೆ. ಆ ಸಂಸ್ಥೆಯ ಲೆಕ್ಕದಲ್ಲಿ ಅವನು ‘ತರಬೇತಿ ಪಡೆದ ಫಲಾನುಭವಿ’. ಫಲವನ್ನು ಅನುಭವಿಸಿದವರು ಯಾರೋ ನಾನರಿಯೆ.

ಇಂತಹ ಪ್ರಮಾದಕ್ಕೆ ಮದ್ದಾಗಿ ವಿದ್ವಾಂಸರು ಬಹಳ ಹಿಂದೆಯೇ ದಾರಿ ತೋರಿದ್ದಾರೆ. 1959ರಲ್ಲಿ ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬವರು ತರಬೇತಿಯನ್ನು ಪರೀಕ್ಷಿಸುವ ನಾಲ್ಕು ಮೆಟ್ಟಿಲುಗಳನ್ನು ವಿವರಿಸಿದರು. ಮೊದಲನೆಯದು, ಕಲಿತವನಿಗೆ ಶಿಬಿರ ಮೆಚ್ಚಿಗೆಯಾಯಿತೇ? ಎರಡನೆಯದು, ವಿದ್ಯೆ ತಲೆಗೆ, ಕೈಗೆ ಹತ್ತಿತೇ? ಮೂರನೆಯದು, ಕೆಲಸದ ಜಾಗದಲ್ಲಿ ಅದನ್ನು ಬಳಸುತ್ತಿದ್ದಾನೆಯೇ? ನಾಲ್ಕನೆಯದು, ಕೊನೆಗೆ ಏನು ಫಲ ಬಂದಿತು? ನಮ್ಮ ಶಿಬಿರಗಳ ವರದಿಗಳು ಬಹುಮಟ್ಟಿಗೆ ಮೊದಲ ಮೆಟ್ಟಿಲಲ್ಲಿಯೇ ಕುಳಿತುಬಿಡುತ್ತವೆ. ಊಟ ಚೆನ್ನಾಗಿತ್ತೆಂದು ಬರೆದರೆ ಮೌಲ್ಯಮಾಪನ ಮುಗಿಯಿತು!

ನಾಲ್ಕನೆಯ ಮೆಟ್ಟಿಲಿನಲ್ಲಿಯೂ ಒಂದು ಮೋಸವಿದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ತುಂಬಿ ಹರಿದು, ಕಬ್ಬಿಗೆ ಒಳ್ಳೆಯ ಬೆಲೆ ಬಂದ ವರ್ಷ ಮದ್ದೂರಿನಲ್ಲಿಯೂ ಮಳವಳ್ಳಿಯಲ್ಲಿಯೂ ಮನೆ ಕಟ್ಟುವವರು ಹೆಚ್ಚುತ್ತಾರೆ. ತರಬೇತಿ ಪಡೆದ ಮೇಸ್ತ್ರಿಗೂ ಕೆಲಸ, ಪಡೆಯದವನಿಗೂ ಕೆಲಸ. ಆ ವರ್ಷದ ಸಂಪಾದನೆಯನ್ನು ಶಿಬಿರದ ಖಾತೆಗೆ ಬರೆಯುವುದು ಸರಿಯೇ? ನಾಲೆ ಒಣಗಿದ ವರ್ಷದ ನಷ್ಟವನ್ನು ಶಿಬಿರದ ತಲೆಗೆ ಕಟ್ಟುವುದೂ ಅನ್ಯಾಯವೇ. ಆದ್ದರಿಂದ ತರಬೇತಿ ಪಡೆದವರನ್ನು ಅವರಂತೆಯೇ ಇದ್ದು ಪಡೆಯದವರೊಡನೆ ಹೋಲಿಸಬೇಕು. ಸ್ಥಾನಗಳು ಕಡಿಮೆಯಿದ್ದು ಅರ್ಜಿಗಳು ಹೆಚ್ಚಾದಾಗ ಚೀಟಿ ಎತ್ತಿ ಆರಿಸಿದರೆ ಈ ಹೋಲಿಕೆ ಸುಲಭ. ಶಿಫಾರಸಿನ ಕಾಟವೂ ತಪ್ಪುತ್ತದೆ. ಕೊಲಂಬಿಯಾ ದೇಶದಲ್ಲಿ 2005ರಲ್ಲಿ ಬಡ ಯುವಜನರ ತರಬೇತಿಗೆ ಹೀಗೆಯೇ ಚೀಟಿ ಎತ್ತಿದರು. ಮುಂದೆ ಹೋಲಿಸಿ ನೋಡಿದಾಗ, ಅವಕಾಶ ಸಿಕ್ಕ ಹೆಣ್ಣುಮಕ್ಕಳ ಸಂಪಾದನೆ ಸಿಗದವರಿಗಿಂತ ಸುಮಾರು ಐದರಲ್ಲೊಂದು ಪಾಲು ಹೆಚ್ಚಿತ್ತು. ಆ ತರಬೇತಿಯಲ್ಲಿ ಪಾಠದ ಜೊತೆಗೆ ನಿಜವಾದ ಕೆಲಸದ ಜಾಗದಲ್ಲಿ ಅಭ್ಯಾಸವೂ ಸೇರಿತ್ತೆಂಬುದು ಗಮನಾರ್ಹ.

ನಿರಾಶ್ರಿತರಿರುವ ಊರಿನಲ್ಲಿ ಇನ್ನೊಂದು ಅಳತೆಗೋಲು ಬೇಕು. 2016ರಿಂದ ಜೋರ್ಡಾನ್ ದೇಶದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಜರ್ಮನಿಯ ಹಣದ ನೆರವಿನಿಂದ ರಸ್ತೆ ಮತ್ತು ನೆಲ-ನೀರಿನ ಕಾಮಗಾರಿಗಳನ್ನು ನಡೆಸಿತು. ಅಲ್ಲಿ ಸಿರಿಯಾದ ನಿರಾಶ್ರಿತರನ್ನೂ ಸ್ಥಳೀಯ ಬಡವರನ್ನೂ ಒಂದೇ ಯೋಜನೆಯಲ್ಲಿ ಕೆಲಸಕ್ಕೆ ತೆಗೆದುಕೊಂಡರು. ಇದು ಬುದ್ಧಿವಂತಿಕೆಯ ಮಾರ್ಗ. ಒಟ್ಟಿಗೆ ಕಲ್ಲು ಹೊತ್ತವರು ಬೀದಿಯಲ್ಲಿ ಕಲ್ಲು ಎಸೆದಾಡುವುದು ಕಷ್ಟ.

ಈ ವಿಚಾರವನ್ನು ನಾನು ನಮ್ಮ ಚರ್ಚಾಕೂಟದಲ್ಲಿ ಎತ್ತಿದಾಗ ಸಹಪಾಠಿಯೊಬ್ಬ ಎದ್ದು, “ನಮಗೇ ಕೆಲಸವಿಲ್ಲ, ಬಂದವರ ಚಿಂತೆ ನಮಗೇಕೆ?” ಎಂದ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪದವಿಯ ನಂತರ ಏನು ಎಂಬ ಪ್ರಶ್ನೆ ನನ್ನ ತಲೆದಿಂಬಿನ ಕೆಳಗೂ ಇದೆ. ಆದರೂ ಅವನ ವಾದ ನಿಲ್ಲದು. ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಹಳ್ಳಿಗಳು ಮುಳುಗಿದವು. ಅಲ್ಲಿಯ ಜನ ಗಂಟುಮೂಟೆ ಕಟ್ಟಿ ಬೇರೆಡೆ ನೆಲೆ ಹುಡುಕಿದರು. ಅವರು ಬಿಟ್ಟ ನೆಲದ ಮೇಲೆ ನಿಂತ ನೀರಿನಿಂದ ನಮ್ಮ ಗದ್ದೆ ಹಸಿರಾಯಿತು. ಇನ್ನೊಬ್ಬರು ನೆಲೆ ಕಳೆದುಕೊಂಡದ್ದರಿಂದ ಅನ್ನ ಉಂಡ ಜಿಲ್ಲೆಯವರು ನಾವು. ನೆಲೆ ಇಲ್ಲದವನ ಚಿಂತೆ ನಮಗೇಕೆ ಎಂದು ಕೇಳುವ ಹಕ್ಕು ಉಳಿದವರಿಗಿದ್ದರೂ ನಮಗಿಲ್ಲ. ಅಲ್ಲದೆ ಇಬ್ಬರ ಪಾಲನ್ನೂ ಒಂದೇ ಲೆಕ್ಕಪುಸ್ತಕದಲ್ಲಿ ಬರೆದಾಗ ಮಾತ್ರ ಸ್ಥಳೀಯನಿಗೆ ಅನ್ಯಾಯವಾಗಿದ್ದರೆ ಅದೂ ಹೊರಬೀಳುತ್ತದೆ. ಮೌಲ್ಯಮಾಪನದಿಂದ ಹೆಚ್ಚಿನ ಲಾಭ ನನ್ನ ಗೆಳೆಯನಂತಹವರಿಗೇ.

ಆದುದರಿಂದ ಅಧಿಕಾರಿಗಳ ಮುಂದೆಯೂ ಸಂಸ್ಥೆಗಳ ಮುಂದೆಯೂ ನನ್ನ ಕೆಲವು ವಿನಮ್ರ ಸಲಹೆಗಳನ್ನಿಡುತ್ತೇನೆ. ಒಂದು: ತರಬೇತಿ ಕೋಣೆಯಲ್ಲಿ ಮುಗಿಯದೆ ಊರಿಗೆ ಬೇಕಾದ ನಿಜವಾದ ಮೋರಿ, ನಿಜವಾದ ಗೋಡೆಯ ಮೇಲೆ ನಡೆಯಲಿ. ಎರಡು: ಕಲಿತವನನ್ನು ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಹುಡುಕಿಕೊಂಡು ಹೋಗಿ ಎಷ್ಟು ದಿನ ಕೆಲಸ ಸಿಕ್ಕಿತು, ಕೂಲಿ ಎಷ್ಟು ಹೆಚ್ಚಿತು ಎಂದು ಬರೆದುಕೊಳ್ಳಲಿ. ಮೂರು: ಶಿಬಿರಾರ್ಥಿಗಳು ಕಟ್ಟಿದ್ದು ಒಂದು ಮಳೆಗಾಲ ಕಳೆದ ಮೇಲೆ ನಿಂತಿದೆಯೇ ಎಂದು ನೋಡಲಿ. ನಾಲ್ಕು: ಬಂದವರಲ್ಲಿ ಎಷ್ಟು ಮಂದಿ, ನೆಲೆ ಕೊಟ್ಟವರಲ್ಲಿ ಎಷ್ಟು ಮಂದಿ, ಹೆಂಗಸರೆಷ್ಟು, ಸೋಲಿಗರ ಪೋಡುಗಳವರೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ತೋರಿಸಲಿ. ಐದು: ಈ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿಯೂ ನೆಲೆಯ ಸಭೆಯಲ್ಲಿ ಟಿಬೆಟನ್ ಭಾಷೆಯಲ್ಲಿಯೂ ಓದಲಿ. ಬೀರುವಿನಲ್ಲಿ ಬೀಗ ಹಾಕಿಟ್ಟ ವರದಿಯಿಂದ ಗೆದ್ದಲಿಗಲ್ಲದೆ ಬೇರೆ ಯಾರಿಗೂ ಪ್ರಯೋಜನವಿಲ್ಲ.

ಇದಕ್ಕೆ ಹಣ ಬೇಕಲ್ಲವೇ ಎನ್ನಬಹುದು. ಬೇಕು, ಆದರೆ ಬಹಳ ಬೇಕಿಲ್ಲ. ನಮ್ಮಂತಹ ಕಾಲೇಜುಗಳಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುವ ವಿದ್ಯಾರ್ಥಿಗಳು ನೂರಾರು ಮಂದಿ ಇದ್ದಾರೆ. ಪುಸ್ತಕದಲ್ಲಿ ಸರಾಸರಿ, ಮಾದರಿ ಎಂದು ಬಾಯಿಪಾಠ ಮಾಡುವ ನಾವು ರಜೆಯಲ್ಲಿ ಹಳ್ಳಿಗೆ ಹೋಗಿ ಮನೆಮನೆಯಲ್ಲಿ ವಿಚಾರಿಸಿ ಬರಬಾರದೇ? ನಮ್ಮ ಪ್ರಾಧ್ಯಾಪಕರು ದಾರಿ ತೋರಿಸಿದರೆ ಈ ಕೆಲಸಕ್ಕೆ ಹೊರಡಲು ನಾನು ಸಿದ್ಧ. ನನ್ನೊಡನೆ ಬರುವವರು ಇನ್ನೂ ನಾಲ್ವರಿದ್ದಾರೆ. ಹಳ್ಳಿಯ ತೆರಿಗೆಯ ಹಣದಿಂದ ಓದಿದವರು ಹಳ್ಳಿಗೆ ಹಿಂತಿರುಗಿಸಬಹುದಾದ ಮೊದಲ ಕಂತು ಇದಾಗಲಿ.