ಸೀಲು ಕೊಡಿ, ಪುಸ್ತಕ ಕೊಡಿ, ಆಮೇಲೆ ಭಾಷಣ ಮಾಡಿ

ತುಮಕೂರು, ಗುಬ್ಬಿ, ಕುಣಿಗಲ್ ಕಾಲೇಜುಗಳ ವಿದ್ಯಾರ್ಥಿ ಮಿತ್ರರೇ,

ಬರುವ ಶನಿವಾರ ಸಂಜೆ ಐದೂವರೆಗೆ ನಮ್ಮ ವಿದ್ಯಾರ್ಥಿ ಸಂಘದ ಸರ್ವಸದಸ್ಯರ ಸಭೆಯಂತೆ. ನಿಮಗೆ ಗೊತ್ತಿತ್ತೇ? ತುಮಕೂರಿನ ನೋಟಿಸ್ ಬೋರ್ಡಿನಲ್ಲಿ, ಪರೀಕ್ಷಾ ಶುಲ್ಕದ ಸುತ್ತೋಲೆಯಡಿ ಅರ್ಧ ಮುಚ್ಚಿಹೋದ ಒಂದು ಚೀಟಿ, ಅಷ್ಟೇ ಆಹ್ವಾನ. ಗುಬ್ಬಿಯಲ್ಲಿ ಆ ಚೀಟಿಯೂ ಇಲ್ಲ. ಕುಣಿಗಲ್ಲಿನಲ್ಲಿ ಕೇಳಿದರೆ "ಯಾವ ಸಭೆ?" ಅಂತ ನಮ್ಮನ್ನೇ ಕೇಳುತ್ತಾರೆ. ಐದೂವರೆ ಹೊತ್ತಿಗೆ ಹಳ್ಳಿಯ ಹುಡುಗ ಹುಡುಗಿಯರು ಎಲ್ಲಿರುತ್ತಾರೆ? ನಿಟ್ಟೂರಿನ ಕಡೆ, ಹೆಬ್ಬೂರಿನ ಕಡೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತಾರೆ. ಸಭೆ ಕರೆದವರಿಗೆ ಇದು ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೇ ಇಟ್ಟ ಮುಹೂರ್ತ ಇದು.

ಆ ಚೀಟಿಯನ್ನು ಹತ್ತಿರ ಹೋಗಿ ನೋಡಿ. ಕೆಳಗೆ ನೇರಳೆ ಶಾಯಿಯ ಸೀಲು, ಅದರ ಮೇಲೆ ಅಡ್ಡ ಸಹಿ, ಸಹಿಯ ಕೆಳಗೆ "ಅಧ್ಯಕ್ಷರು". ಈ ಅಧ್ಯಕ್ಷರು ಡಿಗ್ರಿ ಮುಗಿಸಿ ವರ್ಷ ಕಳೆಯಿತು. ಈಗ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ಕೆಲಸ ಸಿಕ್ಕಿದ್ದಕ್ಕೆ ನಮಗೂ ಸಂತೋಷವೇ, ಸಿಹಿ ಹಂಚಿದರೆ ತಿನ್ನುತ್ತೇವೆ. ಆದರೆ ಕಾರ್ಖಾನೆಯ ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡು, ವಾರದ ರಜೆಯಲ್ಲಿ ಬಂದು ವಿದ್ಯಾರ್ಥಿ ಸಂಘದ ಚೆಕ್ಕಿಗೆ ಸಹಿ ಮಾಡುವುದು ಯಾವ ನ್ಯಾಯ? ಕಾರ್ಯದರ್ಶಿಗಳು ಬೆಂಗಳೂರಿನ ವಿಜಯನಗರದಲ್ಲಿ ಕೆ.ಎ.ಎಸ್. ಕೋಚಿಂಗ್‌ನಲ್ಲಿದ್ದಾರೆ. ನಮ್ಮ ನಡಾವಳಿ ಪುಸ್ತಕ ಅವರ ಪಿ.ಜಿ.ಯ ಮಂಚದಡಿ ಇದೆಯೆಂದು ನೋಡಿ ಬಂದವರೇ ಹೇಳಿದ್ದಾರೆ. ಖಜಾಂಚಿಗಳು ಊರಲ್ಲೇ ಇದ್ದಾರೆ, ಆದರೆ ರಸೀದಿ ಪುಸ್ತಕ ಕೇಳಿದರೆ ಫೋನು ಎತ್ತುವುದಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳೋಣವೆಂದರೆ ಅಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕಬಹುದು. ಅಡ್ಮಿನ್‌ಗಳು ಯಾರು? ಅವರೇ.

ಉಂಡೂ ಹೋದ ಕೊಂಡೂ ಹೋದ ಎಂಬ ಮಾತು ಕೇಳಿದ್ದೆವು. ಇವರು ಉಂಡರು, ಕೊಂಡರು, ಹೋಗಲು ಮಾತ್ರ ಮನಸ್ಸಿಲ್ಲ.

ಮಿತ್ರರೇ, ಇದು ಒಂದು ರಬ್ಬರ್ ಸೀಲಿನ ಜಗಳ ಎಂದು ತಳ್ಳಿಹಾಕಬೇಡಿ. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿಯ ಕೈಯಿಂದ ಒಂದೊಂದನ್ನೇ ಕಿತ್ತುಕೊಂಡ ಚರಿತ್ರೆ ದೊಡ್ಡದಿದೆ. 1989ರ ಮಾರ್ಚ್‌ನಲ್ಲಿ ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಹದಿನೆಂಟು ತುಂಬಿದವರಿಗೆಲ್ಲ ಮತದ ಹಕ್ಕು ಸಿಕ್ಕಿತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ, 1989-90ರಲ್ಲಿ, ಗಲಾಟೆಯ ನೆಪ ಹೇಳಿ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಲ್ಲಿಸಿದರು. ಮುಖ್ಯಮಂತ್ರಿ ಯಾರಾಗಬೇಕೆಂದು ತೀರ್ಮಾನಿಸುವ ಬುದ್ಧಿ ನಿನಗಿದೆ, ಕಾಲೇಜಿನ ಕ್ರೀಡಾ ಕಾರ್ಯದರ್ಶಿ ಯಾರೆಂದು ತೀರ್ಮಾನಿಸುವ ಬುದ್ಧಿ ಇಲ್ಲ! ಗಡಿ ದಾಟಿ ಕಾಸರಗೋಡಿಗೆ ಹೋಗಿ ನೋಡಿ. ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಓದುವ ಹುಡುಗಿ ಕೇರಳದ ಉಳಿದ ವಿದ್ಯಾರ್ಥಿಗಳಂತೆ ಕಾಲೇಜು ಯೂನಿಯನ್ನಿಗೆ ಮತ ಹಾಕುತ್ತಾಳೆ. ಅದೇ ಕನ್ನಡ ಓದುವ ತುಮಕೂರಿನ ಹುಡುಗಿಗೆ ಪ್ರಾಂಶುಪಾಲರು ಬೊಟ್ಟು ಮಾಡಿದವನೇ ಪ್ರತಿನಿಧಿ.

ಇಂಥ ಬರಗಾಲದಲ್ಲಿ ನಮ್ಮ ಕೈಯಲ್ಲಿ ಉಳಿದದ್ದು ನಾವೇ ಐವತ್ತೈವತ್ತು ರೂಪಾಯಿ ಹಾಕಿ ನಡೆಸುವ ಸಂಘವೊಂದೇ. ಅದನ್ನೂ ಮನೆಗೆ ಒಯ್ದರು. ಸರ್ಕಾರ ಕಿತ್ತುಕೊಂಡರೆ ಧಿಕ್ಕಾರ ಕೂಗಬಹುದು. ನಮ್ಮ ಅಣ್ಣಂದಿರೇ ಕಿತ್ತುಕೊಂಡರೆ ಯಾರಿಗೆ ಕೂಗೋಣ?

ಭಾಷಣದಲ್ಲಿ ಪ್ರತಿಸಲ ಲಿಂಗ್ಡೋ ಸಮಿತಿಯ ಹೆಸರು ಹೇಳುವುದು ಈ ಅಣ್ಣಂದಿರ ಅಭ್ಯಾಸ. ಓದಿದ್ದಾರೋ ಇಲ್ಲವೋ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿ ವಿದ್ಯಾರ್ಥಿ ಚುನಾವಣೆಗಳ ಬಗ್ಗೆ ಕೊಟ್ಟ ಶಿಫಾರಸುಗಳನ್ನು ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಹೇಳಿತು. ಅದರಲ್ಲಿ ಏನಿದೆ? ಪದವಿ ವಿದ್ಯಾರ್ಥಿಯಾದರೆ ಹದಿನೇಳರಿಂದ ಇಪ್ಪತ್ತೆರಡರೊಳಗಿನ ವಯಸ್ಸು, ಶೇ. 75 ಹಾಜರಿ, ಒಬ್ಬ ಅಭ್ಯರ್ಥಿಗೆ ಐದು ಸಾವಿರ ರೂಪಾಯಿ ಮೀರದ ಖರ್ಚು. ಇವನ್ನೆಲ್ಲ ಅವರು ವೇದಿಕೆಯಲ್ಲಿ ಬಾಯಿಪಾಠ ಒಪ್ಪಿಸುತ್ತಾರೆ. ಒಂದನ್ನು ಮಾತ್ರ ನುಂಗುತ್ತಾರೆ: ಪದಾಧಿಕಾರಿ ಹುದ್ದೆಗೆ ಒಬ್ಬ ವಿದ್ಯಾರ್ಥಿಗೆ ಒಂದೇ ಸಲ ಅವಕಾಶ, ಕಾರ್ಯಕಾರಿ ಸದಸ್ಯನಾಗಲು ಎರಡು ಸಲ. ಒಂದೇ ಸಲ! ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವರಿಗೆ ಶೇ. 75 ಎಲ್ಲಿಂದ ಬಂತು? (ಅದೇ ಸಮಿತಿ ಅಭ್ಯರ್ಥಿಗಳು ಅಚ್ಚು ಹಾಕಿಸಿದ ಕರಪತ್ರ ಹಂಚಬಾರದು, ಕೈಯಿಂದ ಬರೆದ ಪೋಸ್ಟರು ಅಂಟಿಸಬೇಕು ಎನ್ನುತ್ತದೆ. ನಮ್ಮಲ್ಲಿ ಯಾರೂ ಅಭ್ಯರ್ಥಿಗಳಲ್ಲ. ಅದಕ್ಕೇ ಧೈರ್ಯವಾಗಿ ಅಚ್ಚು ಹಾಕಿಸಿದ್ದೇವೆ.)

"ಲಿಂಗ್ಡೋ ಕಾಲೇಜು ಚುನಾವಣೆಗೆ, ನಮ್ಮದು ನೋಂದಾಯಿತ ಸಂಘ" ಎನ್ನುತ್ತೀರಾ? ಆಗಲಿ, ಅಲ್ಲಿಗೇ ಬರೋಣ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವಾರ್ಷಿಕ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನು ಹದಿನಾಲ್ಕು ದಿನದೊಳಗೆ ನೋಂದಣಾಧಿಕಾರಿಗೆ ಕೊಡಬೇಕು. ಕೊಟ್ಟ ಪಟ್ಟಿ ತೋರಿಸಿ. ಲೆಕ್ಕಪತ್ರ ತೋರಿಸಿ. ತೋರಿಸುವುದಕ್ಕೆ ಪುಸ್ತಕ ಬೇಕು. ಪುಸ್ತಕ ಎಲ್ಲಿದೆ? ಮಂಚದಡಿ.

ಅವರ ಸಮಜಾಯಿಷಿಗಳೂ ಚೆನ್ನಾಗಿವೆ. "ಜೂನಿಯರ್‌ಗಳಿಗೆ ಅನುಭವ ಸಾಲದು." ಹೌದು ಅಣ್ಣ, ನೀವು ಹುಟ್ಟುವಾಗಲೇ ಸೀಲು ಹಿಡಿದುಕೊಂಡು ಹುಟ್ಟಿದಿರಿ. "ಸಂಘ ಕಟ್ಟಿದ್ದೇ ನಾವು." ಗುಬ್ಬಿಯ ನೆಲದಲ್ಲಿ ನಿಂತು ಈ ಮಾತು ಆಡಲು ನಾಚಿಕೆಯಾಗಬೇಕು. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಕಂಪನಿಯನ್ನು ವೀರಣ್ಣನವರು ಹುಟ್ಟುಹಾಕಿದ್ದಲ್ಲ. ಕಟ್ಟಿದ ಹಿರಿಯರು ಬಾಲನಟನಾಗಿ ಬಂದ ಹುಡುಗ ವೀರಣ್ಣನನ್ನು ಬೆಳೆಯಲು ಬಿಟ್ಟರು. ಮುಂದೆ ಕಂಪನಿ ಅವನ ಕೈಗೇ ಬಂತು, ನಾಡೆಲ್ಲ ಅವನ ಹೆಸರಿನಿಂದಲೇ ಅದನ್ನು ಕರೆಯಿತು. ಆ ಹಿರಿಯರು ಪರದೆಯ ಹಗ್ಗವನ್ನು ತಮ್ಮ ಮನೆಯ ಅಟ್ಟದಲ್ಲಿ ಬಚ್ಚಿಟ್ಟಿದ್ದರೆ ಇವತ್ತು ಗುಬ್ಬಿಯೆಂದರೆ ಯಾರಿಗೆ ನೆನಪಿರುತ್ತಿತ್ತು? "ಲೆಕ್ಕ ಸರಿಮಾಡಿ ಕೊಡುತ್ತೇವೆ, ಸ್ವಲ್ಪ ಕಾಲಾವಕಾಶ ಬೇಕು." ತಪ್ಪಿಲ್ಲದ ಲೆಕ್ಕವನ್ನು ಸರಿಮಾಡಲು ಇಷ್ಟು ಕಾಲ ಯಾಕೆ ಬೇಕು ಎಂದು ನಾವು ಕೇಳುವುದಿಲ್ಲ. ನೀವೇ ಕೇಳಿಕೊಳ್ಳಿ.

ಈ ಕರಪತ್ರ ಕೈಗೆ ಬಂದ ಕೂಡಲೇ ಖುಷಿಪಡುವವರು ಇನ್ನೂ ಎರಡು ಗುಂಪಿದ್ದಾರೆ. ಅವರಿಗೂ ನಾಲ್ಕು ಮಾತು. ಪಕ್ಷದ ಬಾವುಟ ಹಿಡಿದುಕೊಂಡು ಬಾಗಿಲಲ್ಲಿ ಕಾದು ನಿಂತವರೇ, ನಿಮ್ಮ ಕನಿಕರ ನಮಗೆ ಬೇಡ. ನಿಮ್ಮ ಜಿಲ್ಲಾ ಘಟಕದಲ್ಲಿ ಪಟ್ಟಿ ಮೇಲಿನಿಂದ ಇಳಿಯುತ್ತದೆ. ನಮ್ಮಲ್ಲಿ ಕೊನೇ ಪಕ್ಷ ಕದ್ದವರು ನಮ್ಮವರೇ. ಇನ್ನು ಫೆಸ್ಟ್ ಬಣದ ಕಲಾರಸಿಕರು. ಡಿ.ಜೆ. ಯಾವುದು, ಟೀ ಶರ್ಟ್ ಬಣ್ಣ ಯಾವುದು ಎಂಬುದಕ್ಕೆ ಮೂರು ಸಭೆ ಮಾಡುತ್ತೀರಿ, ದುಡ್ಡು ಯಾರ ಸಹಿಯಿಂದ ಬಂತೆಂದು ಒಬ್ಬರೂ ಕೇಳಲಿಲ್ಲ. ಹಳೇ ಅಧ್ಯಕ್ಷರನ್ನು ಮುಖ್ಯ ಅತಿಥಿ ಮಾಡಿ, ಮೈಸೂರು ಪೇಟ ತೊಡಿಸಿ, ಕುರ್ಚಿಗೆ ಇನ್ನೊಂದು ಕೋಟು ಗೋಂದು ಬಳಿದವರು ನೀವು. ಕುಣಿಗಲ್ಲಿನ ಕೆಲವು ಗೆಳೆಯರು "ಇದು ತುಮಕೂರಿನವರ ಜಗಳ, ನಮಗ್ಯಾಕೆ" ಎನ್ನುತ್ತಿದ್ದಾರಂತೆ. ಸದಸ್ಯತ್ವದ ದುಡ್ಡು ಕೊಡುವಾಗ ಅದು ತುಮಕೂರಿನ ದುಡ್ಡಾಗಿತ್ತೇ?

ಹಿರಿಯರಲ್ಲಿ ಹಗೆ ನಮಗಿಲ್ಲ. ಹಾಸ್ಟೆಲ್ ನೀರಿನ ಸಮಸ್ಯೆಗೆ ಮಧ್ಯಾಹ್ನದ ಬಿಸಿಲಲ್ಲಿ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂತವರು, ಬಸ್ ಪಾಸಿನ ಅರ್ಜಿ ತುಂಬಿಸಲು ನಮ್ಮ ಪಕ್ಕ ನಿಂತವರು ಇವರೇ. ಬಂದು ಸಲಹೆ ಕೊಡಲಿ, ಬೈಯಲಿ, ಟೀ ಕುಡಿಸಲಿ. ಆದರೆ ಓದುವವರ ಸಂಘವನ್ನು ಓದುವವರು ನಡೆಸಬೇಕು. ಸೀಲು, ನಡಾವಳಿ ಪುಸ್ತಕ, ರಸೀದಿ ಪುಸ್ತಕ, ಪಾಸ್‌ಬುಕ್ಕು ಮೇಜಿನ ಮೇಲೆ ಬರಲಿ. ಯಾರಿಗೆ ಕೊಡಬೇಕು, ಮುಂದಿನ ಅಧ್ಯಕ್ಷರು ಯಾರು, ಆಯ್ಕೆ ಹೇಗೆ, ಇವನ್ನೆಲ್ಲ ಆಮೇಲೆ ಕೂತು ಮಾತಾಡೋಣ. ಮೊದಲು ಮೇಜಿಗೆ ಬರಲಿ.

ಶನಿವಾರ ಮನೆಯಲ್ಲಿ ಹೇಳಿ ಬನ್ನಿ, ತಡವಾಗುತ್ತದೆ ಎಂದು. ಗುಬ್ಬಿಯವರು, ಕುಣಿಗಲ್ಲಿನವರು ಒಬ್ಬೊಬ್ಬರೇ ಬರಬೇಡಿ, ಗುಂಪಾಗಿ ಬನ್ನಿ. ಹುಡುಗಿಯರು ವಾಪಸು ಹೋಗುವಾಗ ಬಸ್ ನಿಲ್ದಾಣದವರೆಗೆ ಜೊತೆಗೆ ಬರಲು ನಮ್ಮವರಿದ್ದಾರೆ. ಸದಸ್ಯತ್ವದ ರಸೀದಿ ಇದ್ದವರು ಮರೆಯದೆ ತನ್ನಿ. ದುಡ್ಡು ಕೊಟ್ಟೂ ರಸೀದಿ ಸಿಗದವರು ತಪ್ಪದೇ ಬನ್ನಿ, ಮೊದಲ ಪ್ರಶ್ನೆ ನಿಮ್ಮದೇ. ಐದೂವರೆಯ ಸಭೆಯನ್ನು ಐದು ಗಂಟೆಗೇ ಮುಗಿಸಿಬಿಡುವ ಕಲೆ ಇವರಿಗೆ ಚೆನ್ನಾಗಿ ಗೊತ್ತು, ಆದ್ದರಿಂದ ನಾಲ್ಕೂವರೆಗೇ ಅಲ್ಲಿರಿ.

ಇಂತಿ,
ಸಂಘದ ಸಾಮಾನ್ಯ ಸದಸ್ಯರು
(ಸೀಲು ನಮ್ಮ ಬಳಿ ಇಲ್ಲದ ಕಾರಣ ಸೀಲು ಹಾಕಿಲ್ಲ)